ಪಹಣಿ ಹಿಡಿದು ವಿದೇಶಕ್ಕೆ ಹೊರಟವರು

ಮಾರ್ಚ್ ಮುಗಿದು ಏಪ್ರಿಲ್ ಕಾಲಿಡುವ ಹೊತ್ತಿಗೆ ಯಾದಗಿರಿ, ಶಹಾಪುರ, ಸುರಪುರಗಳ ಕೆಲವು ಮನೆಗಳಲ್ಲಿ ಬಿಸಿಲಿನ ಬೇಗೆಯೊಂದಿಗೆ ಇನ್ನೊಂದು ಬೇಗೆಯೂ ಸೇರಿಕೊಳ್ಳುತ್ತದೆ. ಎಂಜಿನಿಯರಿಂಗ್ ಮುಗಿಸಿದ ಮಗನೋ ಮಗಳೋ ಅರ್ಜಿ ಹಾಕಿದ್ದ ಐದಾರು ವಿದೇಶಿ ವಿಶ್ವವಿದ್ಯಾಲಯಗಳ ಪೈಕಿ ಎರಡು ಮೂರರಿಂದ ಪ್ರವೇಶಪತ್ರ ಬಂದಿರುತ್ತದೆ. ಅವುಗಳಲ್ಲಿ ಒಂದನ್ನು ಆರಿಸಬೇಕು, ಅದೂ ಕೆಲವೇ ದಿನಗಳಲ್ಲಿ. ಈ ಭಾಗದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದ ನನ್ನ ಬಳಿಗೆ, ಶಿಫಾರಸು ಪತ್ರಕ್ಕೆಂದು ಬಂದವರೇ ಮತ್ತೆ ಬರುತ್ತಾರೆ. ಜೊತೆಗೆ ತಂದೆಯೂ ಇರುತ್ತಾರೆ. ಪ್ರಶ್ನೆ ಮಾತ್ರ ಪ್ರತಿವರ್ಷವೂ ಒಂದೇ: 'ಇದ್ರಾಗ ಯಾವ್ದು ಛಲೋ ಅದರೀ ಸರ್?'

ಬೆಂಗಳೂರಿನ ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಈ ಪ್ರಶ್ನೆಗೆ ಉತ್ತರಿಸಲು ಸ್ಯಾನ್ ಹೋಸೆಯಲ್ಲೊಬ್ಬ ಚಿಕ್ಕಪ್ಪನೋ ಡಲ್ಲಾಸ್‌ನಲ್ಲೊಬ್ಬ ಭಾವನೋ ಇದ್ದೇ ಇರುತ್ತಾರೆ. ಯಾದಗಿರಿಯ ಪರಿಸ್ಥಿತಿ ಬೇರೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಈ ಜಿಲ್ಲೆಯದು ಶೇ 51.83, ಅಂದರೆ ರಾಜ್ಯದಲ್ಲೇ ಕನಿಷ್ಠ. ಇಲ್ಲಿಂದ ವಿದೇಶಕ್ಕೆ ಹೊರಟ ಹುಡುಗ ಬಹುಪಾಲು ತನ್ನ ವಂಶದ ಮೊದಲ ಪದವೀಧರ. ತಂದೆ ಓದಿದ್ದು ಏಳನೆಯ ತರಗತಿಯವರೆಗೆ. ತಾಯಿ ಶಾಲೆಯ ಕಟ್ಟೆ ಹತ್ತಿದವಳಲ್ಲ. ಇಂಥ ಮನೆಯಲ್ಲಿ ನಲವತ್ತೈವತ್ತು ಲಕ್ಷ ರೂಪಾಯಿಯ ತೀರ್ಮಾನವೊಂದನ್ನು ಇಪ್ಪತ್ತೆರಡು ವರ್ಷದ ಮಗುವೊಂದು ಒಂಟಿಯಾಗಿ ತೆಗೆದುಕೊಳ್ಳುತ್ತದೆ.

ಇಂಥ ಮನೆಗಳಿಂದ ಎಂಜಿನಿಯರುಗಳು ಬರುತ್ತಿದ್ದಾರೆ ಎಂಬುದೇ ದೊಡ್ಡ ಸಂಗತಿ, ನಿಜ. ಪ್ರಾದೇಶಿಕ ಅಸಮಾನತೆ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾಯಿತು. 2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದು, ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟುಗಳು ನಮ್ಮ ಮಕ್ಕಳಿಗೆ ಮೀಸಲಾದವು. ಕಲಬುರಗಿಯ ಪಿ.ಡಿ.ಎ. ಕಾಲೇಜು 1958ರಿಂದ ಎಂಜಿನಿಯರುಗಳನ್ನು ತಯಾರಿಸುತ್ತ ಬಂದಿದ್ದರೂ, ಹಳ್ಳಿಯ ಒಕ್ಕಲು ಮನೆತನದ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬೆಂಗಳೂರು ಮೈಸೂರುಗಳ ಕಾಲೇಜುಗಳಲ್ಲೂ ಕಾಣಿಸಿಕೊಳ್ಳತೊಡಗಿದ್ದು ಈ ವಿಧಿಯ ನಂತರವೇ. ಆದರೆ 371(ಜೆ)ಯ ಕೈ ರಾಜ್ಯದ ಗಡಿಯಾಚೆಗೆ ಚಾಚುವುದಿಲ್ಲ. ಬಿ.ಇ. ಪದವಿಯವರೆಗೆ ಕೈಹಿಡಿದು ನಡೆಸಿದ ವ್ಯವಸ್ಥೆ ಅಲ್ಲಿಂದ ಮುಂದಕ್ಕೆ ಒಮ್ಮೆಲೇ ಕೈಬಿಡುತ್ತದೆ. ಆ ಜಾಗಕ್ಕೆ ಬಂದು ನಿಲ್ಲುವವನು ಏಜೆಂಟ್.

ಯಾದಗಿರಿಗೆ ಹೈದರಾಬಾದು ಸುಮಾರು ಇನ್ನೂರು ಕಿಲೋಮೀಟರು. ಬೆಂಗಳೂರು ಅದರ ಎರಡು ಪಟ್ಟಿಗೂ ಹೆಚ್ಚು ದೂರ. ಆದ್ದರಿಂದ ನಮ್ಮ ಹುಡುಗರು ಸಲಹೆಗೆಂದು ಹೋಗುವುದು ಅಮೀರ್‌ಪೇಟೆಗೆ. ಅಲ್ಲಿನ ಕನ್ಸಲ್ಟನ್ಸಿಗಳೆಲ್ಲ ಮೋಸಗಾರರೆಂದು ನಾನು ಹೇಳುವುದಿಲ್ಲ. ಪ್ರಾಮಾಣಿಕವಾಗಿ ದುಡಿಯುವವರನ್ನೂ ಕಂಡಿದ್ದೇನೆ. ಆದರೆ ಅವರಲ್ಲಿ ಅನೇಕರಿಗೆ ಸಂಭಾವನೆ ಬರುವುದು ವಿದ್ಯಾರ್ಥಿಯಿಂದಲ್ಲ, ವಿಶ್ವವಿದ್ಯಾಲಯದಿಂದ. ಶುಲ್ಕದ ಒಂದು ಪಾಲು ಕಮಿಷನ್ನಾಗಿ ಬರುವಾಗ ಯಾವ ವಿಶ್ವವಿದ್ಯಾಲಯ 'ಛಲೋ' ಎಂದು ತೋರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಶುಲ್ಕವೇ ಇಲ್ಲದ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯವನ್ನೋ, ಕಮಿಷನ್ ಕೊಡದ ಒಳ್ಳೆಯ ವಿಭಾಗವನ್ನೋ ಅವರು ತಾವಾಗಿ ಹೆಸರಿಸುವುದು ಅಪರೂಪ.

ಇದರ ವಿಕೋಪವನ್ನು ನೆರೆಯ ತೆಲುಗು ಸೀಮೆ ಕಂಡಿದೆ. ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್‌ನಲ್ಲಿದ್ದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಮೇಲೆ 2011ರ ಜನವರಿಯಲ್ಲಿ ದಾಳಿಯಾದಾಗ ಸಾವಿರದೈನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಅತಂತ್ರರಾದರು. ಅವರಲ್ಲಿ ಬಹುಪಾಲು ಭಾರತೀಯರು, ಅದರಲ್ಲೂ ಆಗಿನ ಆಂಧ್ರಪ್ರದೇಶದವರು. ಅರ್ಧಕ್ಕೂ ಹೆಚ್ಚು ಮಂದಿಯ ವಿಳಾಸ ದಾಖಲೆಯಲ್ಲಿ ಒಂದೇ ಅಪಾರ್ಟ್‌ಮೆಂಟಿನದಾಗಿತ್ತು. ಕೆಲವರ ಕಾಲಿಗೆ ನಿಗಾ ಇಡುವ ರೇಡಿಯೊ ಪಟ್ಟಿ ತೊಡಿಸಿದ ಚಿತ್ರಗಳು ಆಗ ನಮ್ಮ ಪತ್ರಿಕೆಗಳಲ್ಲೂ ಬಂದಿದ್ದವು. 2019ರ ಜನವರಿಯಲ್ಲಿ ಮಿಷಿಗನ್‌ನ 'ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ' ಪ್ರಕರಣದಲ್ಲಿ 129 ಭಾರತೀಯರು ಬಂಧನಕ್ಕೊಳಗಾದರು. ಆ ವಿಶ್ವವಿದ್ಯಾಲಯವನ್ನು ಅಮೆರಿಕದ ಸರ್ಕಾರವೇ ಬಲೆಯಾಗಿ ಹುಟ್ಟುಹಾಕಿತ್ತು. ಗೊತ್ತಿದ್ದೇ ಸೇರಿದ್ದರು ಎಂಬುದು ಆ ಸರ್ಕಾರದ ವಾದ. ಎಲ್ಲರಿಗೂ ಗೊತ್ತಿತ್ತೆ ಎಂಬುದು ನನ್ನ ಅನುಮಾನ.

ಆದರೆ ನಕಲಿ ವಿಶ್ವವಿದ್ಯಾಲಯಗಳು ವಿರಳ. ಅಸಲಿ ವಿಶ್ವವಿದ್ಯಾಲಯಗಳ ನಡುವಿನ ತಪ್ಪು ಆಯ್ಕೆ ಸಾಮಾನ್ಯ, ಮತ್ತು ಅದು ಸುದ್ದಿಯಾಗುವುದಿಲ್ಲ. ಸುರಪುರ ತಾಲ್ಲೂಕಿನ ಒಬ್ಬ ಹುಡುಗಿಯ ಸಂಗತಿ ಹೇಳುತ್ತೇನೆ. ಸಿವಿಲ್ ಓದಿದವಳು. ನಾರಾಯಣಪುರ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಅವರ ಹೊಲ. ಕಾಲುವೆ ಬಂದು ತೊಗರಿ, ಜೋಳದ ಎರೆಭೂಮಿ ಭತ್ತದ ಗದ್ದೆಯಾಯಿತು. ಅತಿಯಾಗಿ ನೀರು ಹಾಯಿಸಿ, ಬಸಿಗಾಲುವೆಯಿಲ್ಲದೆ, ಅದೇ ಗದ್ದೆಯ ಒಂದು ಭಾಗ ಸವಳು-ಜವಳಾಯಿತು. ಕೃಷ್ಣಾ ಮೇಲ್ದಂಡೆಯ ಅಚ್ಚುಕಟ್ಟಿನಲ್ಲಿ ಇದು ಒಂದು ಮನೆಯ ಕಥೆಯಲ್ಲ. ಆ ಹುಡುಗಿಗೆ ನೀರಾವರಿ ಮತ್ತು ಬಸಿಯುವಿಕೆಯನ್ನೇ ಓದಬೇಕೆಂಬ ಆಸೆ. ಎರಡು ಪ್ರವೇಶಪತ್ರಗಳು ಬಂದವು. ಒಂದು ದೊಡ್ಡ ನಗರದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯದ್ದು, ಅಲ್ಲಿ ಸಿವಿಲ್ ವಿಭಾಗದಲ್ಲಿ ಎಲ್ಲವೂ ಸ್ವಲ್ಪಸ್ವಲ್ಪ. ಇನ್ನೊಂದು ಒಳನಾಡಿನ ಸರ್ಕಾರಿ ವಿಶ್ವವಿದ್ಯಾಲಯದ್ದು, ಯಾದಗಿರಿಯಲ್ಲಿ ಯಾರೂ ಕೇಳಿರದ ಹೆಸರು. ಆದರೆ ಅಲ್ಲಿ ಬಸಿಯುವಿಕೆಯ ಮೇಲೆಯೇ ಕೆಲಸ ಮಾಡುವ ಪ್ರಾಧ್ಯಾಪಕರಿದ್ದರು, ಪ್ರಬಂಧ ಬರೆಯುವ ಅವಕಾಶವಿತ್ತು.

ಇಲ್ಲಿ ರ‍್ಯಾಂಕಿಂಗ್ ಎಂಬ ಹುಚ್ಚಿನ ಬಗ್ಗೆ ನಾಲ್ಕು ಮಾತು ಅನಿವಾರ್ಯ. ಸ್ನಾತಕೋತ್ತರ ಎಂಜಿನಿಯರಿಂಗ್‌ನಲ್ಲಿ ವಿದ್ಯಾರ್ಥಿ ಓದುವುದು ವಿಶ್ವವಿದ್ಯಾಲಯದಲ್ಲಲ್ಲ, ಒಂದು ವಿಭಾಗದಲ್ಲಿ, ಅದರೊಳಗಿನ ಒಂದು ಪ್ರಯೋಗಾಲಯದಲ್ಲಿ. ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯ ನೀರಾವರಿ ಎಂಜಿನಿಯರಿಂಗ್‌ಗೆ ದಶಕಗಳಿಂದ ಹೆಸರಾದದ್ದು. ಕೊಲರಾಡೊ ಸ್ಟೇಟ್‌ನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಈ ವಿಷಯಕ್ಕೆ ಪ್ರಾಧ್ಯಾಪಕ ಹುದ್ದೆ ಇತ್ತು. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ 1957ರಲ್ಲಿ ಆರಂಭವಾದ ಐ.ಎಚ್.ಇ. ಸಂಸ್ಥೆ ಇರುವುದೇ ನೀರಿನ ಶಿಕ್ಷಣಕ್ಕಾಗಿ. ಜಾಗತಿಕ ರ‍್ಯಾಂಕಿಂಗ್ ಪಟ್ಟಿಯಲ್ಲಿ ಯೂಟಾ ಸ್ಟೇಟ್ ಮೊದಲ ಐನೂರರಲ್ಲಿ ಇಲ್ಲ. ಆದರೆ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಕ್ಯು.ಎಸ್. ಪಟ್ಟಿಯ ಮೊದಲ ಐನೂರರೊಳಗಿನ ಸಂಸ್ಥೆಗಳನ್ನೇ ಕೇಳುತ್ತದೆ. ಕಾಲುವೆಯ ಕೊನೆಯಂಚಿನ ದಲಿತ ರೈತನ ಮಗಳು ತನ್ನ ಹೊಲದ ರೋಗಕ್ಕೆ ಮದ್ದು ಕಲಿಯಬಹುದಾದ ವಿಭಾಗವನ್ನು ಈ ನಿಯಮವೇ ಬಾಗಿಲಲ್ಲಿ ತಡೆಯುತ್ತದೆ. ವಿಷಯವಾರು ಪಟ್ಟಿಯನ್ನು ಪರಿಗಣಿಸಲು ಅಡ್ಡಿಯೇನಿದೆ?

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ಆಯ್ಕೆ ಸ್ಪಷ್ಟವಾಗಿತ್ತು. ಆದರೆ ಅವಳಿಗೆ ಸಾಲ ಕೊಡಲು ಒಪ್ಪಿದ ಸಂಸ್ಥೆಯ ಪಟ್ಟಿಯಲ್ಲಿ ಆ ಒಳನಾಡಿನ ವಿಶ್ವವಿದ್ಯಾಲಯ ಇರಲಿಲ್ಲ. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯ ಇತ್ತು. ಅವಳು ಅಲ್ಲಿಗೇ ಹೋದಳು. ಇಂದು ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದಾಳೆ, ಸಾಲ ತೀರಿಸುತ್ತಿದ್ದಾಳೆ. ಇದನ್ನು ಸೋಲೆಂದು ಕರೆಯುವ ಅಧಿಕಾರ ನನಗಿಲ್ಲ. ಮನೆಗೆ ಹಣ ಬರುತ್ತಿದೆ, ತಮ್ಮ ಓದುತ್ತಿದ್ದಾನೆ. ಜವಳಾದ ಗದ್ದೆ ಮಾತ್ರ ಹಾಗೆಯೇ ಇದೆ.

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದಾಗಲೆಲ್ಲ ಒಂದು ಯೋಚನೆ ಬರುತ್ತದೆ. 1840ರ ದಶಕದಲ್ಲಿ ಇಲ್ಲಿ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತಿದವನಲ್ಲ. ಭೂಮಾಪನ, ಕಾನೂನುಗಳನ್ನೆಲ್ಲ ತಾನೇ ಓದಿ ಕಲಿತವನು. ಅಂಥ ಕಾಲ ಹೋಯಿತು. ಅದಾದ ನೂರು ವರ್ಷಗಳ ನಂತರ, 1947ರಲ್ಲಿ, ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ, 1953ರಲ್ಲಿ ಪಿಎಚ್.ಡಿ. ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಮೈಕ್ರೊವೇವ್ ತಂತ್ರಜ್ಞಾನವನ್ನು ಕಟ್ಟಿದರು. ತಲೆಯ ಮೇಲೆ ಸಾಲವಿಲ್ಲದವರು ವಿಭಾಗವನ್ನು ಆರಿಸಬಲ್ಲರು, ಮರಳಿಯೂ ಬರಬಲ್ಲರು. ಸಾಲದ ಪ್ರಶ್ನೆಯನ್ನು ಬಿಟ್ಟು ವಿಶ್ವವಿದ್ಯಾಲಯದ ಆಯ್ಕೆಯ ಬಗ್ಗೆ ಮಾತನಾಡುವುದು ನಮ್ಮ ಭಾಗದಲ್ಲಿ ಅರ್ಥವಿಲ್ಲದ್ದು.

ಏಳೂವರೆ ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ನಮ್ಮ ರೈತ ಪಹಣಿ ಹಿಡಿದು ಹೋಗುತ್ತಾನೆ. ಹತ್ತು ಎಕರೆ ಕಾಲುವೆ ನೀರಿನ ಗದ್ದೆ. ಮಾರಿದರೆ ಕೋಟಿಗೂ ಮಿಗಿಲು. ವ್ಯವಸ್ಥಾಪಕರು ಮರ್ಯಾದೆಯಿಂದಲೇ ಪಹಣಿಯನ್ನು ಮರಳಿಸುತ್ತಾರೆ. 2002ರ ಸರ್ಫೇಸಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಕೃಷಿಭೂಮಿಯ ಮೇಲಿನ ಭದ್ರತೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಸಾಲ ಮುಳುಗಿದರೆ ಬ್ಯಾಂಕು ಸುಲಭವಾಗಿ ಜಮೀನು ವಶಪಡಿಸಿಕೊಳ್ಳಲಾಗದು. ರೈತನನ್ನು ರಕ್ಷಿಸಲೆಂದೇ ಇಟ್ಟ ವಿನಾಯಿತಿ ಇದು, ಇರಲೇಬೇಕಾದದ್ದು. ಆದರೆ ಅದರ ಫಲವಾಗಿ ಎನ್.ಎ. ಆದ ಮೂವತ್ತು-ನಲವತ್ತರ ನಿವೇಶನಕ್ಕಿರುವ ಬೆಲೆ ಹತ್ತು ಎಕರೆ ಗದ್ದೆಗಿಲ್ಲ. ಆಗ ಉಳಿಯುವುದು ಭದ್ರತೆಯಿಲ್ಲದೆ ಹೆಚ್ಚಿನ ಬಡ್ಡಿಗೆ ಸಾಲ ಕೊಡುವ ಖಾಸಗಿ ಹಣಕಾಸು ಸಂಸ್ಥೆಗಳು. ಶೇ 12ರ ದರದಲ್ಲಿ 45 ಲಕ್ಷ ರೂಪಾಯಿಗೆ ಸರಳ ಬಡ್ಡಿಯನ್ನೇ ಹಿಡಿದರೂ, ಎರಡು ವರ್ಷದ ಓದು ಮತ್ತು ಆರು ತಿಂಗಳ ಕೆಲಸದ ಹುಡುಕಾಟ ಮುಗಿಯುವಷ್ಟರಲ್ಲಿ 13.5 ಲಕ್ಷ ರೂಪಾಯಿ ಸೇರಿರುತ್ತದೆ. ಇಂಥ ಬಡ್ಡಿಗೆ ಆದಾಯ ತೆರಿಗೆಯಲ್ಲಿ 80-ಇ ವಿನಾಯಿತಿ ಉಂಟಲ್ಲ ಎನ್ನುವವರಿದ್ದಾರೆ. ತೆರಿಗೆಯೇ ಕಟ್ಟದ ಒಕ್ಕಲಿಗನಿಗೆ ಅದರಿಂದ ಏನು ಬಂತು? ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶಿ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ಕೊಡುತ್ತಿದ್ದ 'ಪಢೋ ಪರದೇಶ್' ಯೋಜನೆಯನ್ನು ಕೇಂದ್ರ 2022-23ರಿಂದ ನಿಲ್ಲಿಸಿತು. 2024ರ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಸಂಸ್ಥೆಗಳಿಗೆ ಸೀಮಿತ.

ಇಷ್ಟೆಲ್ಲ ಮಾಡಿ ಹೋದ ದೇಶದಲ್ಲಿ ನೆಲೆ ಸಿಗುವ ಭರವಸೆಯೂ ಮೊದಲಿನಂತಿಲ್ಲ. ಅಮೆರಿಕದಲ್ಲಿ ಎಂಜಿನಿಯರಿಂಗ್ ಪದವಿಯ ನಂತರ ಒಂದು ವರ್ಷ, ಅದರ ಮೇಲೆ ಎರಡು ವರ್ಷ ಕೆಲಸ ಮಾಡಲು ಅವಕಾಶವುಂಟು. ಆಮೇಲೆ ಎಚ್-1ಬಿ ವೀಸಾದ ಅದೃಷ್ಟದಾಟ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದ ನಂತರ ಕಂಪನಿಗಳು ಹಿಂದೆಮುಂದೆ ನೋಡತೊಡಗಿವೆ. 2008ರ ಆರಂಭದಲ್ಲಿ ನಲವತ್ತು ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರು 2025ರ ಡಿಸೆಂಬರಿನಲ್ಲಿ ತೊಂಬತ್ತು ದಾಟಿತು. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ (ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮತ್ತು ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಇದಕ್ಕೆ ಹೊರತು). ಒಂದು ವರ್ಷದ ಜೀವನವೆಚ್ಚಕ್ಕೆಂದು ಸುಮಾರು ಹನ್ನೆರಡು ಲಕ್ಷ ರೂಪಾಯಿಯನ್ನು ಮೊದಲೇ ಖಾತೆಯಲ್ಲಿ ತೋರಿಸಬೇಕು, 2022ರ ನವೆಂಬರಿನಿಂದ ಎ.ಪಿ.ಎಸ್. ಪ್ರಮಾಣಪತ್ರವೂ ಬೇಕು. ಪಾಠ ಇಂಗ್ಲಿಷಿನಲ್ಲಿದ್ದರೂ ಕೆಲಸಕ್ಕೆ ಜರ್ಮನ್ ಭಾಷೆ ಬರಬೇಕು. ಸುರಪುರದ ಹುಡುಗರು ಕನ್ನಡ, ಉರ್ದು, ತೆಲುಗು ಮೂರನ್ನೂ ಸಲೀಸಾಗಿ ಆಡುವವರು. ನಾಲ್ಕನೆಯದನ್ನು ಕಲಿಯಲಾರರೆಂದು ನಾನು ನಂಬುವುದಿಲ್ಲ.

ನನ್ನ ಬಳಿ ಬರುವವರಿಗೆ ನಾನು ಉತ್ತರ ಕೊಡುವುದಿಲ್ಲ, ಕೆಲಸ ಕೊಡುತ್ತೇನೆ. ಆ ವಿಭಾಗದಲ್ಲಿ ಈಗ ಓದುತ್ತಿರುವ ಇಬ್ಬರಿಗೆ ಇ-ಮೇಲ್ ಬರೆದು, ಕಳೆದ ವರ್ಷ ಪದವಿ ಪಡೆದವರು ಎಲ್ಲಿದ್ದಾರೆಂದು ಕೇಳಿ. ಪ್ರಬಂಧ ಬರೆಯುವ ಪದವಿಯೋ, ಬರೀ ಪರೀಕ್ಷೆಯದೋ ನೋಡಿ. ಬೋಧನಾ ಅಥವಾ ಸಂಶೋಧನಾ ಸಹಾಯಕ ಹುದ್ದೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನಿಜಕ್ಕೂ ಸಿಗುತ್ತದೆಯೇ, ಪಿಎಚ್.ಡಿ.ಯವರಿಗೆ ಮಾತ್ರವೇ ವಿಚಾರಿಸಿ. ಏಪ್ರಿಲ್ 15ರ ಗಡುವನ್ನು ಮುಂದಿಟ್ಟು ಏಜೆಂಟ್ ಮುಂಗಡ ಕಟ್ಟಿಸಲು ಅವಸರಪಡಿಸಿದರೆ, ಆ ದಿನಾಂಕವನ್ನು ಅಮೆರಿಕದ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿರುವುದು ಆರ್ಥಿಕ ನೆರವು ಕೊಟ್ಟವರ ವಿಷಯದಲ್ಲಿ, ಅದೂ ವಿದ್ಯಾರ್ಥಿಗೆ ಯೋಚಿಸಲು ಸಮಯ ಸಿಗಲೆಂದು, ಎಂಬುದನ್ನು ನೆನಪಿಡಿ. ಒಬ್ಬ ತಂದೆ ನನ್ನನ್ನು ಕೇಳಿದ್ದರು, 'ಹೊಲ ಮಾರ್ತೀನ್ರೀ ಸರ್, ನೌಕರಿ ಗ್ಯಾರಂಟಿ ಅದನೋ?' ಗ್ಯಾರಂಟಿ ಇಲ್ಲ ಎಂದೆ. ಅವರು ಹೊಲ ಮಾರಲಿಲ್ಲ. ಮಗ ಎರಡು ವರ್ಷ ಪುಣೆಯಲ್ಲಿ ದುಡಿದು ಆಮೇಲೆ ಹೋದ. ಕೆಲಸದ ಅನುಭವವಿದ್ದುದರಿಂದ ಮೊದಲಿಗಿಂತ ಒಳ್ಳೆಯ ವಿಭಾಗವೇ ಸಿಕ್ಕಿತು.

ಒಬ್ಬ ನಿವೃತ್ತ ಮೇಷ್ಟ್ರು ಮಾಡುವ ಈ ಕೆಲಸವನ್ನು ಸರ್ಕಾರ ಮಾಡಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023ರಿಂದೀಚೆಗೆ ವರ್ಷಕ್ಕೆ ಐದು ಸಾವಿರ ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಅದರ ಬಹುಭಾಗ ಕಟ್ಟಡಕ್ಕೆ, ರಸ್ತೆಗೆ ಹೋಗುವುದನ್ನು ಕಾಣುತ್ತಿದ್ದೇವೆ, ಬೇಡವೆನ್ನುವುದಿಲ್ಲ. ಅದರ ಒಂದು ಸಣ್ಣ ಭಾಗದಲ್ಲಿ ಯಾದಗಿರಿ ಜಿಲ್ಲಾ ಕೇಂದ್ರದಲ್ಲೊಂದು ಸಲಹಾ ಕೇಂದ್ರ ತೆರೆಯಬಹುದು. ಅಮೆರಿಕದ ಎಜುಕೇಶನ್ ಯು.ಎಸ್.ಎ., ಜರ್ಮನಿಯ ಡಾಡ್ ಸಂಸ್ಥೆಗಳು ಕಮಿಷನ್ ಇಲ್ಲದೆ ಕೊಡುವ ಮಾಹಿತಿಯನ್ನು ಅದು ಕನ್ನಡದಲ್ಲಿ, ಉರ್ದುವಿನಲ್ಲಿ ತಂದೆತಾಯಿಗೂ ತಿಳಿಯುವಂತೆ ಹೇಳಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ 'ಪ್ರಬುದ್ಧ' ಯೋಜನೆ ಇದೆ. ಅದರ ಹೆಸರನ್ನೇ ಕೇಳದ ಅರ್ಹ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ಪಹಣಿಯನ್ನು ನಂಬದ ಬ್ಯಾಂಕುಗಳಿಗೆ ಮಂಡಳಿಯೇ ಖಾತರಿ ನೀಡುವ ನಿಧಿಯೊಂದನ್ನು ಸ್ಥಾಪಿಸಿದರೆ, ರೈತನ ಜಮೀನಿಗೆ ಕಾನೂನಿನ ರಕ್ಷಣೆಯೂ ಉಳಿಯುತ್ತದೆ, ಮಗಳ ವಿಭಾಗದ ಆಯ್ಕೆಯೂ ಅವಳದೇ ಆಗಿರುತ್ತದೆ. ವಿದೇಶಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ತುಂಬುವ ಕಾಲ ಸೆಪ್ಟೆಂಬರಿನಲ್ಲಿ ಆರಂಭವಾಗುತ್ತದೆ. ಮಂಡಳಿಯ ಮುಂದಿನ ಕ್ರಿಯಾಯೋಜನೆ ಅಂತಿಮಗೊಳ್ಳುವ ಮೊದಲು ನಮ್ಮ ಶಾಸಕರು ಈ ಎರಡು ಬಾಬತ್ತುಗಳನ್ನು ಅದರಲ್ಲಿ ಸೇರಿಸಲಿ.