ಹಳೆಯ ಜಿಪ್ಸಿಗೆ ಹೈಬ್ರಿಡ್ ಮರುಜೋಡಣೆ: ಅನುಮತಿ ಇದೆ, ಆದರೆ ಯಾರಿಗೆ?

ಮುಂಬಯಿಯ ವಾಯುಮಾಲಿನ್ಯದ ಕುರಿತು ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡ ಬಾಂಬೆ ಹೈಕೋರ್ಟು, ಪೆಟ್ರೋಲ್ ಮತ್ತು ಡೀಸೆಲ್ ವಾಹನಗಳನ್ನು ಹಂತಹಂತವಾಗಿ ಕೈಬಿಟ್ಟು ಸಿಎನ್‌ಜಿ ಹಾಗೂ ವಿದ್ಯುತ್ ವಾಹನಗಳಿಗೆ ಮಾತ್ರ ಅವಕಾಶ ನೀಡಲು ಸಾಧ್ಯವೇ ಎಂದು ಪರಿಶೀಲಿಸುವಂತೆ 2025ರ ಜನವರಿಯಲ್ಲಿ ಸೂಚಿಸಿತು. ಅದೇ ತಿಂಗಳು ರಾಜ್ಯ ಸರಕಾರ ಏಳು ಸದಸ್ಯರ ಸಮಿತಿಯನ್ನು ರಚಿಸಿತು. ಹಳೆಯ ವಾಹನವುಳ್ಳ ಕುಟುಂಬಗಳಲ್ಲಿ ಅಂದಿನಿಂದ ಆತಂಕ ಮನೆಮಾಡಿದೆ.

ಅಂಧೇರಿಯ ನಮ್ಮ ವಸತಿ ಸಂಕೀರ್ಣದ ಹಿರಿಯರೊಬ್ಬರ ಬಳಿ 1998ರ ಮಾರುತಿ ಜಿಪ್ಸಿ ಇದೆ. ಕಶೇಡಿ ಘಾಟಿ ಹತ್ತಿಳಿದು ಮಕ್ಕಳು ಮರಿಗಳೊಡನೆ ಅದೆಷ್ಟೋ ಬಾರಿ ಊರಿಗೆ ಹೋಗಿಬಂದ ಗಾಡಿಯದು. "ನೀವು ಬ್ಯಾಂಕಿನವರು, ಲೆಕ್ಕ ಬಲ್ಲವರು. ಇದಕ್ಕೊಂದು ವಿದ್ಯುತ್ ಮೋಟಾರು ಜೋಡಿಸಿ ಹೈಬ್ರಿಡ್ ಮಾಡಿಸಿದರೆ ಉಳಿದೀತೇ?" ಎಂದು ಅವರು ಕೇಳಿದರು. ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣ.

ಈ ಆಲೋಚನೆ ಹೊಸತಲ್ಲ. ಪುಣೆಯ ಕೆಪಿಐಟಿ ಸಂಸ್ಥೆಯು ಭಾರತ್ ಫೋರ್ಜ್ ಜೊತೆಗೂಡಿ 2010ರಲ್ಲೇ 'ರೆವೊಲೊ' ಎಂಬ ಜೋಡಣಾ ಸಾಧನವನ್ನು ಪ್ರಕಟಿಸಿತ್ತು. ಇಂಜಿನಿಗೆ ಬೆಲ್ಟ್ ಮೂಲಕ ವಿದ್ಯುತ್ ಮೋಟಾರು, ಡಿಕ್ಕಿಯಲ್ಲಿ ಬ್ಯಾಟರಿ. ಹೊರಡುವಾಗ ಮೋಟಾರು ಇಂಜಿನಿಗೆ ಹೆಗಲು ಕೊಡುತ್ತದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯ ಒಂದಂಶ ಬ್ಯಾಟರಿಗೆ ಮರಳುತ್ತದೆ. ಎಸ್.ವಿ. ರೋಡಿನಂತೆ ಹೆಜ್ಜೆಹೆಜ್ಜೆಗೂ ನಿಂತು ಹೊರಡುವಲ್ಲಿ ಇದರ ಪ್ರಯೋಜನ ಹೆಚ್ಚು. ಒಂದೇ ವೇಗದ ಹೆದ್ದಾರಿಯಲ್ಲಿ ಬ್ಯಾಟರಿ ಬಹುಮಟ್ಟಿಗೆ ಹೆಚ್ಚುವರಿ ಭಾರ. ಇಂಜಿನಿನ ಬದಿಯಲ್ಲೇ ಶಕ್ತಿ ಸೇರುವುದರಿಂದ ಜಿಪ್ಸಿಯ ನಾಲ್ಕು ಚಕ್ರಗಳ ಚಾಲನೆಗೂ ತಾತ್ವಿಕವಾಗಿ ಅಡ್ಡಿಯಿಲ್ಲ. ಆದರೆ ಮಳೆಗಾಲದಲ್ಲಿ ಅಂಧೇರಿ ಸಬ್‌ವೇಯ ನೀರು ಕಂಡವರಿಗೆ, ಬ್ಯಾಟರಿ ಮತ್ತು ತಂತಿಗಳ ಜಲರಕ್ಷಣೆ ಎಷ್ಟು ಮುಖ್ಯವೆಂದು ಹೇಳಬೇಕಿಲ್ಲ. ರೆವೊಲೊ ಮಾತ್ರ ಸಾಮಾನ್ಯ ಗ್ರಾಹಕರ ಮನೆಬಾಗಿಲಿಗೆ ತಲುಪಲಿಲ್ಲ.

ಇನ್ನು ಕಾನೂನು. 3,500 ಕಿಲೋ ಮೀರದ ವಾಹನಗಳಿಗೆ ಹೈಬ್ರಿಡ್ ಮರುಜೋಡಣೆಯನ್ನು ಕೇಂದ್ರ ಸರಕಾರ 2016ರಲ್ಲಿ ನಿಯಮಬದ್ಧಗೊಳಿಸಿತು. ಸಾಧನಕ್ಕೆ ಮಾನ್ಯತೆ ಇರಬೇಕು, ಅದರ ತಯಾರಕರಿಂದ ಅಧಿಕಾರ ಪಡೆದವರೇ ಜೋಡಿಸಬೇಕು. ವಾಹನವು ಭಾರತ್ ಸ್ಟೇಜ್-2 ಅಥವಾ ಅನಂತರದ ಮಾನದಂಡದ್ದಾಗಿರಬೇಕು. ತೊಡಕು ಇರುವುದೇ ಇಲ್ಲಿ. ಆ ಮಾನದಂಡ ಮುಂಬಯಿಗೆ ಬಂದುದು 2001ರಲ್ಲಿ. 1998ರ ಜಿಪ್ಸಿ ಅದಕ್ಕೂ ಹಿಂದಿನದು. ಹೆಚ್ಚು ಹೊಗೆಯುಗುಳುವ ಪೀಳಿಗೆಗೇ ಸುಧಾರಣೆಯ ಬಾಗಿಲು ಮುಚ್ಚಿದಂತಾಗಿದೆ.

ಪರಿಚಿತ ಗ್ಯಾರೇಜಿನಲ್ಲಿ ಸದ್ದಿಲ್ಲದೆ ಮಾಡಿಸಿಕೊಳ್ಳುವುದೂ ಸಲ್ಲದು. ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾದ ಮಾರ್ಪಾಡು ಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ನೋಂದಣಿ ಪುಸ್ತಕದಲ್ಲಿ ನಮೂದಾಗದ ಬದಲಾವಣೆಯಿಂದ ಅಪಘಾತದ ವೇಳೆ ವಿಮೆಯೂ ಕೈಕೊಡಬಹುದು.

ಅರ್ಹ ವಾಹನವೇ ಇದೆಯೆನ್ನೋಣ. ವರ್ಷಕ್ಕೆ 6,000 ಕಿ.ಮೀ. ಓಟ, ಲೀಟರಿಗೆ 10 ಕಿ.ಮೀ., ಪೆಟ್ರೋಲಿಗೆ 100 ರೂ. ಎಂದು ಹಿಡಿದರೆ ವಾರ್ಷಿಕ ಖರ್ಚು 60,000 ರೂ. ಶೇಕಡಾ 30 ಉಳಿದರೂ ಅದು 18,000 ರೂ. ಮಾತ್ರ. ಜೋಡಣೆಗೆ 2 ಲಕ್ಷ ತಗಲಿದರೆ ಅಸಲು ಮರಳಲು 11 ವರ್ಷ ಬೇಕು. ಅಷ್ಟರಲ್ಲಿ ಬ್ಯಾಟರಿಯ ಆಯುಷ್ಯವೇ ಮುಗಿಯಬಹುದು. ಸಾಲ ಮಾಡಿದರಂತೂ ಬಡ್ಡಿ ಬೇರೆ.

ಇಡೀ ಇಂಜಿನನ್ನೇ ತೆಗೆದು ವಿದ್ಯುತ್‌ಗೆ ಬದಲಿಸುವ ದಾರಿಯೂ ಇದೆ. ಐಐಟಿ ದಿಲ್ಲಿಯ ಆಶ್ರಯದಲ್ಲಿ ಬೆಳೆದ ಟ್ಯಾಡ್‌ಪೋಲ್ ಪ್ರಾಜೆಕ್ಟ್ಸ್ ಸಂಸ್ಥೆಯ ನೆರವಿನಿಂದ ಹೀಗೆ ಮಾರ್ಪಡಿಸಿದ ಜಿಪ್ಸಿಯನ್ನು ಸೇನೆ 2023ರ ಏಪ್ರಿಲ್‌ನಲ್ಲಿ ಪ್ರದರ್ಶಿಸಿತು. ಒಮ್ಮೆ ಚಾರ್ಜ್ ಮಾಡಿದರೆ ಅದರ ಓಟ ಸುಮಾರು 120 ಕಿ.ಮೀ. ನಗರಕ್ಕೆ ಇದು ಸಾಕು, ಊರಿನ ದಾರಿಗೆ ಸಾಲದು.

ಸರಕಾರ ಒಂದು ಕೈಯಿಂದ ದಂಡ ವಿಧಿಸಿ ಇನ್ನೊಂದು ಕೈಯಿಂದ ದಾರಿ ತೋರದಿರುವುದು ನ್ಯಾಯವಲ್ಲ. 20 ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣ ಶುಲ್ಕ 2025ರ ಆಗಸ್ಟ್‌ನಲ್ಲಿ 5,000ದಿಂದ 10,000 ರೂ.ಗೆ ಏರಿತು. ಅದರ ಒಂದಂಶವನ್ನಾದರೂ ಹಳೆಯ ಮಾದರಿಗಳಿಗೆ ಮಾನ್ಯ ಸಾಧನ ಸಿದ್ಧಪಡಿಸಲು ತೊಡಗಿಸಬಾರದೇಕೆ? ಅದಾಗುವವರೆಗೆ ಯಾರ ಮಾತಿಗೂ ಮುಂಗಡ ಕೊಡದಿರುವುದು ಜಾಣತನ.

ನಮ್ಮ ಹಿರಿಯರಿಗೂ ಇದನ್ನೇ ಹೇಳಿದೆ. ಅವರ ಮುಂದಿನ ನವೀಕರಣ 2028ಕ್ಕೆ. ಅಲ್ಲಿಯವರೆಗೆ ಗಾಡಿಯನ್ನು ಮಿತವಾಗಿ ಓಡಿಸಿ, ಊರಿಗೆ ಕೊಂಕಣ ರೈಲಿನಲ್ಲೇ ಹೋಗುವುದೆಂದು ನಿಶ್ಚಯಿಸಿದ್ದಾರೆ. ಆ ರೈಲು ಮಾರ್ಗ ಪೂರ್ಣಗೊಂಡದ್ದೂ 1998ರಲ್ಲೇ.