ಕೂಸಿನ ಜ್ವರವೂ ಅರೆ ಸೀಸೆ ಔಷಧವೂ

ಮೂರು ದಿನಗಳಿಂದ ಕೂಸಿಗೆ ಜ್ವರ. ನೆಗಡಿಯಿಲ್ಲ, ಕೆಮ್ಮಿಲ್ಲ, ಉಚ್ಚೆ ಹೊಯ್ಯುವಾಗ ಅಳುತ್ತದೆ. ಉಷ್ಣವಾಗಿದೆಯೆಂದು ಅಜ್ಜಿ ಎಳನೀರು ಕುಡಿಸುತ್ತಾಳೆ. ತಂದೆ ಗಿರಣಿಯ ಪಾಳಿ ಮುಗಿಸಿ ಬರುವಾಗ ಔಷಧದ ಅಂಗಡಿಯಲ್ಲಿ ಹೇಳಿ ಒಂದು ಸೀಸೆ ಆಂಟಿಬಯೋಟಿಕ್ ತರುತ್ತಾನೆ. ಎರಡು ದಿನಕ್ಕೆ ಜ್ವರ ಇಳಿಯುತ್ತದೆ. ಉಳಿದರ್ಧ ಮುಂದಿನ ಜ್ವರಕ್ಕೆಂದು ಗೂಡಿನಲ್ಲಿ ಕೂಡುತ್ತದೆ. (ನೀರು ಬೆರೆಸಿದ ಆ ಪುಡಿ ಔಷಧ ಒಂದೆರಡು ವಾರದಲ್ಲಿ ಸತ್ವ ಕಳೆದುಕೊಳ್ಳುತ್ತದೆಂದು ಅವರಿಗೆ ಹೇಳಿದವರಿಲ್ಲ.)

ಮಕ್ಕಳ ಮೂತ್ರದ ಸೋಂಕಿಗೆ ಬಹುತೇಕ ಕಾರಣ ಈ ಕೋಲಿ ಎಂಬ ರೋಗಾಣು. ಅದು ಇರುವುದು ಮಗುವಿನ ಕರುಳಿನಲ್ಲೇ. ನೆಗಡಿಗೂ ಭೇದಿಗೂ ಆಂಟಿಬಯೋಟಿಕ್ ಕುಡಿಸುತ್ತ ಹೋದರೆ ಬಲಹೀನ ರೋಗಾಣುಗಳು ಸಾಯುತ್ತವೆ, ಔಷಧಕ್ಕೆ ಬಗ್ಗದವು ಉಳಿದು ಬೆಳೆಯುತ್ತವೆ. ನಾಳೆ ಮೂತ್ರಕೋಶಕ್ಕೆ ಏರುವವು ಅವೇ. ಆಗ ಕುಡಿಸುವ ಔಷಧ ನಾಟುವುದಿಲ್ಲ. ಆಸ್ಪತ್ರೆಗೆ ಸೇರಿಸಿ ಮೆರೋಪೆನೆಮ್‌ನಂಥ ಔಷಧವನ್ನು ರಕ್ತನಾಳಕ್ಕೆ ಕೊಡಬೇಕಾಗುತ್ತದೆ. ತಡವಾದಷ್ಟೂ ಮೂತ್ರಪಿಂಡದಲ್ಲಿ ಮಾಯದ ಕಲೆ ಉಳಿಯುವ ಭಯ. ಸಾಲದಷ್ಟು ಔಷಧ ಕೊಟ್ಟರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುವುದೆಂದು ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು.

ಇದಕ್ಕೆಲ್ಲ ತಾಯಿತಂದೆಯರ ಅಜ್ಞಾನವೇ ಕಾರಣವೆಂದು ಕೈತೊಳೆದುಕೊಳ್ಳುವ ಅಧಿಕಾರಿಗಳ ಜೊತೆಗೆ ನಾವಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ನಿಂತ ದಿನ ದಿನಗೂಲಿಯವನಿಗೆ ಕೂಲಿಯಿಲ್ಲ. ಯಾವ ಔಷಧ ನಾಟುತ್ತದೆಂದು ತಿಳಿಯಲು ಮೂತ್ರದ ಕಲ್ಚರ್ ಪರೀಕ್ಷೆ ಆಗಬೇಕು. ಅದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ಆ ಸೌಕರ್ಯವಿಲ್ಲದಿದ್ದರೆ ಬಡವನು ಹೋಗುವುದೆಲ್ಲಿಗೆ?

ನಮ್ಮ ವಾಚಕರಲ್ಲಿ ಔಷಧದ ವ್ಯಾಪಾರಿಗಳೂ ಇದ್ದಾರೆ. ಕಹಿಯಾದರೂ ಅವರಿಗೆ ಹೇಳಲೇಬೇಕು. ಸೆಫಿಕ್ಸಿಮ್ ಮೊದಲಾದವನ್ನು ಸರಕಾರ 2013ರಲ್ಲೇ ಎಚ್-1 ಪಟ್ಟಿಗೆ ಸೇರಿಸಿದೆ. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರಕೂಡದು. ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಗಿರಾಕಿ ಪಕ್ಕದಂಗಡಿಗೆ ಹೋದಾನೆಂಬ ಭಯ ನಮಗೆ ಅರ್ಥವಾಗುತ್ತದೆ. ಅದಕ್ಕೆ ವರ್ತಕರ ಸಂಘವೇ ಒಟ್ಟಾಗಿ ನಿಲ್ಲಬೇಕು.

ನಮಗೆ ಹೆಚ್ಚು ಸಂಕಟ ತರುವುದು ಶಾಲೆಯ ವಿಷಯ. ನಾವು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನೀರು ಮುಟ್ಟುತ್ತಿರಲಿಲ್ಲ. ಶೌಚಾಲಯವಿತ್ತು, ಅದಕ್ಕೆ ಬೀಗವೂ ಇತ್ತು. ಬೀಗ ತೆರೆಯುತ್ತಿದ್ದುದು ತನಿಖೆಯ ದಿನ ಮಾತ್ರ. ಅಂದು ನಾವೂ ಬಾಯಿ ಬಿಡಲಿಲ್ಲ. ಮೂತ್ರ ಕಟ್ಟಿಕೊಂಡು ಕೂಡುವ ಮಗುವಿಗೆ ಈ ಸೋಂಕು ಮರಳಿ ಮರಳಿ ಬರುತ್ತದೆಂದು ತಿಳಿದದ್ದು ಆಮೇಲೆ.

ತಾಲೂಕು ಆಸ್ಪತ್ರೆಯಲ್ಲಿ ಬಿಟ್ಟಿ ಕಲ್ಚರ್ ಪರೀಕ್ಷೆ, ಶಾಲೆಗಳಲ್ಲಿ ನೀರಿರುವ, ಬೀಗವಿಲ್ಲದ ಶೌಚಾಲಯ — ಇವನ್ನು ಕಾರ್ಮಿಕ ಸಂಘಗಳು ಬೋನಸಿನ ಜೊತೆಗೇ ಗೊತ್ತುವಳಿ ಮಾಡಿ ಕೇಳಲಿ. ಈ ನಡುವೆ ಕಾರಣ ತಿಳಿಯದ ಜ್ವರ ಬಂದ ಕೂಸನ್ನು ಅಂದೇ ವೈದ್ಯರಲ್ಲಿಗೆ ಒಯ್ಯಿರಿ. ಆಂಟಿಬಯೋಟಿಕ್ಕಿನ ಮೊದಲ ಗುಟುಕಿಗೆ ಮುಂಚೆ ಮೂತ್ರವನ್ನು ಪರೀಕ್ಷೆಗೆ ಕೊಡಿರಿ. ಔಷಧವನ್ನು ವೈದ್ಯರು ಹೇಳಿದಷ್ಟು ದಿನ ಕುಡಿಸಿರಿ. ಗೂಡಿನಲ್ಲಿರುವ ಹಳೆಯ ಸೀಸೆಯನ್ನು ಮುಟ್ಟಬೇಡಿರಿ.