ಕಪಾಟಿನಲ್ಲೇ ಇರುವ ಗಣಿ

ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಸೀಮೆಯಲ್ಲಿ 1,600 ಟನ್ ಲಿಥಿಯಂ ಇದೆಯೆಂಬ ಅಂದಾಜನ್ನು ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿತು. ಅದನ್ನು ಪಡೆಯಲು ಬಂಡೆ ಒಡೆಯಬೇಕು. ನಮ್ಮ ಮನೆಗಳ ಕಪಾಟಿನಲ್ಲಿ ಕೆಟ್ಟು ಬಿದ್ದಿರುವ ಮೊಬೈಲುಗಳಲ್ಲಾದರೋ ಲಿಥಿಯಂ, ಕೋಬಾಲ್ಟ್, ತಾಮ್ರ ಈಗಾಗಲೇ ಸಂಸ್ಕರಣೆಗೊಂಡು ಕೂತಿವೆ.

ಹೊರತೆಗೆಯುವ ಹಾದಿ ಮಾತ್ರ ಚೊಕ್ಕಟವಾಗಿರಬೇಕು. ಕುಲುಮೆಯಲ್ಲಿ ಕರಗಿಸಿದರೆ ಇಂಧನ ಅಪಾರ ಬೇಕು, ಲಿಥಿಯಂ ಬಹುಪಾಲು ಕಿಟ್ಟದ ಪಾಲು. ಪುಡಿಮಾಡಿ ಆಮ್ಲದಲ್ಲಿ ಕರಗಿಸಿ ಲೋಹಗಳನ್ನು ಒಂದೊಂದಾಗಿ ಬೇರ್ಪಡಿಸುವುದು ಮೇಲು. ಆದರೆ ಆ ಆಮ್ಲ ಹೊಳೆ ಸೇರಬಾರದು. ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲವೂ ಈ ಕೆಲಸಕ್ಕೆ ಒದಗುತ್ತದೆಂದು ಪ್ರಯೋಗಾಲಯಗಳು ತೋರಿಸಿಕೊಟ್ಟಿರುವುದು ನಿಜಕ್ಕೂ ಭರವಸೆಯ ಸಂಗತಿ.

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ವಿದ್ಯುತ್ ವಾಹನಗಳ ಬ್ಯಾಟರಿಯಿಂದ 2026–27ರ ಹೊತ್ತಿಗೆ ಶೇ 90ರಷ್ಟು ವಸ್ತು ಮರಳಿ ಸಿಗಬೇಕು. ಆದರೆ ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನ ರೈತ ತನ್ನ ಟಾರ್ಚಿನ ಬ್ಯಾಟರಿಯನ್ನು ಒಯ್ದು ಕೊಡುವುದು ಎಲ್ಲಿ? ಊರ ಪಕ್ಕದ ಹೇಮಾವತಿ ಮುಂದೆ ಕೃಷ್ಣರಾಜಸಾಗರದ ನೀರಿಗೆ ಸೇರುತ್ತಾಳೆ. ದಡದ ತಿಪ್ಪೆಗೆ ಎಸೆದ ಬ್ಯಾಟರಿಯಿಂದ ಜಿನುಗಿದ ವಿಷಕ್ಕೂ ಅದೇ ದಾರಿ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಬ್ಯಾಟರಿ ಸಂಗ್ರಹಕ್ಕೆ ಒಂದು ಭದ್ರ ಡಬ್ಬ, ಅದನ್ನು ತಪ್ಪದೆ ಒಯ್ಯುವ ಒಂದು ಗಾಡಿ: ಜಿಲ್ಲಾಡಳಿತ ಇಷ್ಟನ್ನು ಈ ವರ್ಷವೇ ಮಾಡಲಿ.